ಯಾರೂ ಮುಟ್ಟದ ಸಾಲುಗಳು

ಮೂಡಿಗೆರೆಯ ಮಂಜಿನಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವವರಿಗೆ ಮೈ ಜುಂ ಅನ್ನಿಸುವಂಥದ್ದು ಆಗಾಗ ಆಗುತ್ತಲೇ ಇರುತ್ತದೆ. ನಗು ಬರುವುದು ಆಮೇಲೆ.

ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೆ ನಮ್ಮದೊಂದು ರೂಮಿನ ಆಫೀಸು. ನಾನು, ನನ್ನ ಜೊತೆಗಾರ, ಇಬ್ಬರೇ. ಎಸ್ಟೇಟುಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಈಗ ಕೋಡ್ ಬರೆಯುವುದು ಹೆಚ್ಚಾಗಿ ಎಐ. ಅದು ಅಡ್ಡಾದಿಡ್ಡಿ ಬರೆಯುತ್ತದೆ ಅಂತ ಜೊತೆಗಾರ ಫಾರ್ಮ್ಯಾಟರ್ ಅನ್ನುವ ಇನ್ನೊಂದು ಟೂಲ್ ಕೂರಿಸಿದ. ಎಐ ಒಂದು ಫೈಲ್ ಬರೆದು ಮುಗಿಸಿದ ತಕ್ಷಣ ಇದು ತಾನಾಗಿ ಎದ್ದು, ಸಾಲುಗಳನ್ನೆಲ್ಲ ಓರಣ ಮಾಡಿ, ಸದ್ದಿಲ್ಲದೆ ಹೋಗಿಬಿಡುತ್ತದೆ.

ಚಹಾ ತಂದವರು

ಕೂರಿಸಿದ ದಿನವೇ ಕೆಳಗಿನ ಹೋಟೆಲಿನ ಯಜಮಾನರು ಚಹಾ ಹಿಡಿದು ಬಂದರು. ನಾವಿಬ್ಬರೂ ಕೈಕಟ್ಟಿ ಸ್ಕ್ರೀನ್ ನೋಡುತ್ತಿದ್ದೆವು. ಅಲ್ಲಿ ಅಕ್ಷರಗಳು ಪಟಪಟ ಮೂಡಿದವು, ಒಂದು ಗಳಿಗೆ ಸುಮ್ಮನಾದವು, ಆಮೇಲೆ ಯಾರೋ ತಲೆ ಬಾಚಿದ ಹಾಗೆ ಎಲ್ಲ ಸಾಲೂ ಒಟ್ಟಿಗೆ ಪಕ್ಕಕ್ಕೆ ಸರಿದು ನಿಂತವು.

"ಮೇಡಂ, ಯಾರೂ ಮುಟ್ಲಿಲ್ಲ," ಅಂದರು ಅವರು ಮೆಲ್ಲಗೆ.

"ಹೌದು. ಒಂದು ಬರೆಯುತ್ತೆ, ಇನ್ನೊಂದು ಸರಿ ಮಾಡುತ್ತೆ."

ಅವರು ರೂಮಿನ ನಾಲ್ಕೂ ಮೂಲೆ ನೋಡಿದರು. ಚಹಾ ಇಟ್ಟು ಇಳಿದು ಹೋದರು. ಸಂಜೆ ತಟ್ಟೆಯಲ್ಲಿ ನಾಲ್ಕು ಲೋಟ ಚಹಾ ಬಂತು.

ಇನ್ನೊಬ್ಬರು

ಮಳೆಗಾಲ. ಹಗಲಿನಲ್ಲೇ ಕತ್ತಲು. ಕರೆಂಟ್ ಹೋಗಿ ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಿತ್ತು. ರೂಮಿನಲ್ಲಿ ಬೆಳಕು ಅಂದರೆ ಸ್ಕ್ರೀನಿನದ್ದು ಮಾತ್ರ. ಎಐ ಕೆಲಸದ ಮಧ್ಯೆ ತಟ್ಟನೆ ನಿಂತು ಬರೆಯಿತು: "ನಾನು ಬರೆದ ಮೇಲೆ ಈ ಫೈಲನ್ನು ಯಾರೋ ಬದಲಾಯಿಸಿದ್ದಾರೆ. ನೀವೇ?"

ಫಾರ್ಮ್ಯಾಟರ್ ವಿಷಯ ಅದಕ್ಕೆ ಹೇಳಿಯೇ ಇರಲಿಲ್ಲ. ಆ ಗಳಿಗೆಯಲ್ಲಿ ನಮಗೂ ಹೊಳೆಯಲಿಲ್ಲ. ಜೊತೆಗಾರ "ಇಲ್ಲ" ಅಂತ ಟೈಪ್ ಮಾಡಿದ.

"ಹಾಗಾದರೆ ಇಲ್ಲಿ ಇನ್ನೊಬ್ಬರು ಇದ್ದಾರೆ."

ಜೊತೆಗಾರ ನಿಧಾನ ಹಿಂದೆ ತಿರುಗಿದ. ಬಾಗಿಲ ಪಕ್ಕ ಒಬ್ಬರು ತಲೆ ತಗ್ಗಿಸಿ ನಿಂತಿದ್ದರು, ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದು ನಿನ್ನ ರೇನ್‌ಕೋಟ್ ಮಾರಾಯ," ಅಂದೆ.

"ಗೊತ್ತು," ಅಂದ. "ಸ್ವಲ್ಪ ತಂದುಕೊಡ್ತೀಯಾ? ನಾನು ಮನೆಗೆ ಹೋಗ್ಬೇಕು."

ಆನೆ ಬಂದಿದೆ

ಕೊಟ್ಟಿಗೆಹಾರದ ಕಡೆಯ ಒಂದು ಎಸ್ಟೇಟಿನ ಸಾಹುಕಾರರಿಗೆ ದೊಡ್ಡ ತಲೆನೋವಿತ್ತು. ಬೆಳಗಾದರೆ ಕಾಫಿ ಗಿಡಗಳ ನಡುವೆ ಕಾಡಾನೆ. ಲೈನ್‌ಮನೆಗಳಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಇರುವ ಆಳುಗಳಿಗೆ ಮೊದಲೇ ತಿಳಿಸದಿದ್ದರೆ ಜೀವಕ್ಕೇ ಅಪಾಯ. ಆನೆ ಕಂಡ ಕೂಡಲೇ ಕಾವಲಿನವರು ಒಂದು ಬಟನ್ ಒತ್ತಿದರೆ ಎಲ್ಲರ ಫೋನಿಗೂ ಕರೆ ಹೋಗಿ ಹೆಣ್ಣು ದನಿಯೊಂದು ಎಚ್ಚರಿಸುವ ಹಾಗೆ ಮಾಡಿಕೊಟ್ಟೆವು. ಸಂದೇಶ ಹೀಗಿತ್ತು: "ನಮಸ್ಕಾರ. ಇದು ತೋಟದಿಂದ ಬಂದ ಕರೆ. ಆನೆ ಬಂದಿದೆ. ಒಳಗೆ ಬರಲೇ ಬೇಡಿ."

ಫಾರ್ಮ್ಯಾಟರಿಗೆ ಸಾಲು ಉದ್ದವಾಯಿತು ಅನ್ನಿಸಿತು. ಕೊನೆಯ ಪದವನ್ನು ಕತ್ತರಿಸಿ ಕೆಳಗಿನ ಸಾಲಿಗೆ ಇಳಿಸಿತು. ಒಂದು ಸಾಲಿಗೆ ಒಂದು ಕರೆ ಅನ್ನುವುದು ನಮ್ಮ ಸಾಫ್ಟ್‌ವೇರಿನ ಲೆಕ್ಕ.

ಮಂಜು ಇನ್ನೂ ಸರಿಯದ ಒಂದು ಬೆಳಗ್ಗೆ ಲೈನಿನಲ್ಲಿ ಎಲ್ಲರ ಫೋನೂ ಒಟ್ಟಿಗೆ ಬಡಿದುಕೊಂಡವು. ತಣ್ಣನೆಯ ದನಿ ಹೇಳಿತು: "ನಮಸ್ಕಾರ. ಇದು ತೋಟದಿಂದ ಬಂದ ಕರೆ. ಆನೆ ಬಂದಿದೆ. ಒಳಗೆ ಬರಲೇ?"

ಕರೆ ಕಟ್ಟಾಯಿತು. ಮತ್ತೆ ಬಡಿದುಕೊಂಡವು.

"ಬೇಡಿ."

ಒಬ್ಬರು ಅಜ್ಜಿ ಫೋನಿಗೇ "ಬರ್ಬೇಡ ತಾಯಿ, ಅಲ್ಲೇ ಇರು!" ಅಂತ ಕೂಗಿ ಅಗಳಿ ಹಾಕಿದರಂತೆ. "ಎರಡನೇ ಸಲ ಬೇಡಿ ಅಂತು. ಬೇಡ್ಕೊಂಡೆ, ಇದ್ದಬದ್ದ ದೇವ್ರನ್ನೆಲ್ಲ," ಅಂದರು ಆಮೇಲೆ. ಬಿಸಿಲು ಏರುವವರೆಗೂ ಲೈನಿನಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಆನೆ ನಿಜಕ್ಕೂ ಅಂಗಳದಲ್ಲೇ ಹಾದು ಹೋಗಿತ್ತು.

ವಿಷಯ ತಿಳಿದು ನನ್ನ ನಂಬರಿಗೇ ಆ ಕರೆ ಹಾಕಿಸಿ ಕೇಳಿದೆ. ಕಾರಣ ಗೊತ್ತಿದ್ದೂ ರೋಮ ಎದ್ದು ನಿಂತವು. ನಾಚಿಕೊಂಡು ಸಾಲು ಜೋಡಿಸಿ, ಆ ಫೈಲನ್ನು ಮುಟ್ಟಬಾರದು ಅಂತ ಫಾರ್ಮ್ಯಾಟರಿಗೆ ಹೇಳಿಟ್ಟೆ.

ಕೆಲವು ದಿನ ಬಿಟ್ಟು ಸಾಹುಕಾರರ ಫೋನು. ಸಿಟ್ಟಿನಲ್ಲಿದ್ದರು.

"ಏನಮ್ಮಾ ಮಾಡಿಟ್ರಿ? ಇವತ್ತು ಆನೆ ಬಂದಿದೆ, ಬರಲೇ ಬೇಡಿ ಅಂದ ಕೂಡ್ಲೇ ಲೈನಿನವ್ರೆಲ್ಲ ಮೊಬೈಲ್ ಹಿಡ್ಕೊಂಡು ವಿಡಿಯೋ ತೆಗಿಯೋಕೆ ಹೊರಗೆ ಬಂದ್ರು. ಅವ್ರನ್ನ ಒಳಗೆ ಓಡಿಸೋ ಹೊತ್ತಿಗೆ ನನ್ನ ಜೀವ ಹೋಯ್ತು!"

"ಸರ್, ತಪ್ಪನ್ನ ಸರಿ ಮಾಡಿದ್ದು..."

"ಸರಿ ಮಾಡಿದ ಹೆಂಗಸು ಬೇಡ," ಅಂದರು ಅವರು. "ಒಳಗೆ ಬರ್ಲಾ ಅಂತ ಕೇಳ್ತಿದ್ಲಲ್ಲ, ಅವಳನ್ನೇ ವಾಪಸ್ ಕಳ್ಸಿ."