ಆಯುಧಪೂಜೆಯ ದಿನ ಆಧುನಿಕ ಕಲೆ

ನನ್ನ ಭಾವಮೈದುನ ಸುರೇಶ ಮಲವಗೊಪ್ಪದಲ್ಲಿ ಮನೆ ಕಟ್ಟಿಸಿ, ಹಜಾರದ ಗೋಡೆಗೆ ಒಂದು ಚಿತ್ರ ತೂಗುಹಾಕಿದ. ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಕುಳಿತು ಅದನ್ನು ಸಾವಧಾನವಾಗಿ ಪರಿಶೀಲಿಸಿದ ನಾನು, ಯಾರೋ ಬಣ್ಣ ಚೆಲ್ಲಿದ್ದಾರೆಂದು ಸದುದ್ದೇಶದಿಂದಲೇ ತಿಳಿಸಿದೆ. ಹೋಳಿಗೆ ಬಡಿಸುತ್ತಿದ್ದ ಆತ ಇಡೀ ಪಂಕ್ತಿಗೆ ಕೇಳುವಂತೆ, "ಭಾವ, ಅದು ಮಾಡರ್ನ್ ಆರ್ಟು. ನಿಮ್ಗೆ ಗೊತ್ತಾಗಲ್ಲ ಬಿಡಿ" ಎಂದ. ನನ್ನ ಹೋಳಿಗೆಗೆ ತುಪ್ಪ ಹಾಕುವುದನ್ನೂ ಮರೆತ. ನಾನು ಎರಡನ್ನೂ ಮರೆತಿಲ್ಲ.

ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳ ದೋಷ ಹುಡುಕುವುದೇ ನನ್ನ ಉದ್ಯೋಗ. ಕಬ್ಬಿಣದೊಳಗಿನ ಕೂದಲೆಳೆಯ ಬಿರುಕನ್ನು ಕಾಣಬಲ್ಲವನಿಗೆ ಕಲೆ ಕಾಣದೇ? ನಿವೃತ್ತಿಯ ಅಂಚಿನಲ್ಲಿ, ಉದ್ಯೋಗಸ್ಥರಿಗೆಂದೇ ಇರುವ ಆಧುನಿಕ ಕಲಾ ಇತಿಹಾಸದ ಆನ್‌ಲೈನ್ ತರಗತಿಗೆ ಸೇರಿದೆ. ಶಿವಮೊಗ್ಗದಿಂದ ಕೆಲಸಕ್ಕೆ ಹೋಗುವ ಬಸ್ಸಿನಲ್ಲೇ ವ್ಯಾಸಂಗ. ಮೂಗಿನ ಜಾಗದಲ್ಲಿ ಕಣ್ಣಿದ್ದ ಹೆಂಗಸೊಬ್ಬಳ ಚಿತ್ರವನ್ನು ನಾನು ಅಭ್ಯಸಿಸುತ್ತಿದ್ದಾಗ ಪಕ್ಕದ ಪ್ರಯಾಣಿಕರು ಇಣುಕಿ, "ಫೋನ್ ಬಿದ್ದಿತ್ತಾ ಸಾರ್? ಡಿಸ್‌ಪ್ಲೇ ಹೋಗಿದೆ" ಎಂದು ಮರುಗಿದರು. ಅವರ ಮುಖವೂ ನನಗೆ ನೆನಪಿದೆ.

ಕೊನೆಯ ಪರೀಕ್ಷೆ ಮೌಖಿಕವಾಗಿತ್ತು. ದಿನಬಳಕೆಯ ವಸ್ತುವೊಂದನ್ನು ಅದರ ಕೆಲಸದಿಂದ ಬಿಡಿಸಿ ಪೀಠದ ಮೇಲಿಟ್ಟರೆ ಅದೂ ಕಲೆಯೇ ಎಂದು ನಮಗೆ ಪಾಠವಾಗಿತ್ತು. ಅಂಥದೊಂದನ್ನು ಕ್ಯಾಮೆರಾದ ಮುಂದಿಟ್ಟು ವಿವರಿಸಬೇಕು. ಕಾರ್ಖಾನೆಯಲ್ಲಿ ನಾನೇ ತಿರಸ್ಕರಿಸಿದ್ದ ಪಂಪಿನ ಕವಚವೊಂದನ್ನು ಅನುಮತಿ ಪಡೆದು ತಂದು, ಸ್ಟೂಲಿನ ಮೇಲೆ ಬಿಳಿ ಪಂಚೆ ಹಾಸಿ ಪ್ರತಿಷ್ಠಾಪಿಸಿದೆ. ಸಾಕ್ಷಿಯಾಗಿ ಸುರೇಶನನ್ನೂ ಕರೆಸಿದೆ. ನಾನು ಅವನ ಕಣ್ಣೆದುರೇ ಉತ್ತೀರ್ಣನಾಗಬೇಕು, ಅವನು "ತಪ್ಪಾಯ್ತು ಭಾವ" ಎನ್ನಬೇಕು. ನನ್ನ ಸಮಸ್ತ ವ್ಯಾಸಂಗದ ಗುರಿ ಅಷ್ಟೇ.

ಉದ್ಯೋಗಸ್ಥರಿಗೆ ಬಿಡುವಿರಲೆಂದು ಪರೀಕ್ಷೆಯನ್ನು ಆಯುಧಪೂಜೆಯ ರಜೆಯಂದು ಇಟ್ಟಿದ್ದರು. ನಾನು ಸ್ನಾನ ಮುಗಿಸಿ ಇಸ್ತ್ರಿ ಅಂಗಿ ತೊಟ್ಟು ಬರುವಷ್ಟರಲ್ಲಿ, ನನ್ನ ಮನೆಯವಳು ವಿಶಾಲಾಕ್ಷಿ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಪೂಜೆ ಮುಗಿಸಿ ಹಜಾರಕ್ಕೆ ಬಂದಾಗಿತ್ತು. ಪಂಪಿನ ಕವಚಕ್ಕೆ ಮೂರು ಪಟ್ಟೆ ವಿಭೂತಿ, ಚೆಂಡುಹೂವಿನ ಹಾರ!

ಅದು ಕಲಾಕೃತಿಯೆಂದು ವಿವರಿಸಿದೆ.

"ಕಬ್ಬಿಣ ತಾನೇ? ಇವತ್ತಿನ ದಿನ ಪೂಜೆ ಮಾಡ್ದೆ ಬಿಡೋಕಾಗುತ್ತೇನ್ರೀ?" ಎಂದಳು.

ಎಲ್ಲವನ್ನೂ ಒರೆಸಿ ಪೂರ್ವಸ್ಥಿತಿಗೆ ತಂದೆ. ತೆರೆದಿಟ್ಟಿದ್ದ ಲ್ಯಾಪ್‌ಟಾಪನ್ನು ಮಾತ್ರ ನೋಡಲಿಲ್ಲ. ದೋಷ ಹುಡುಕುವ ವೃತ್ತಿಯವನು!

ಪರೀಕ್ಷೆ ಆರಂಭವಾಯಿತು. ನನ್ನದೇ ಮುಖ ನನ್ನನ್ನು ಗದರಿಸುವಂತೆ ನೋಡುವುದರಿಂದ, ಅದು ಪರದೆಯಲ್ಲಿ ನನಗೆ ಕಾಣದಂತೆ ಮೊದಲೇ ಮರೆಮಾಡಿದ್ದೆ. ಕವಚದ ಬಾಗು, ಬಿರುಕು, ತಿರಸ್ಕೃತ ವಸ್ತುವಿನ ಘನತೆ ಇತ್ಯಾದಿ ವಿಷಯಗಳನ್ನು ವಿಸ್ತಾರವಾಗಿ ನಿರೂಪಿಸಿದೆ. ಉಪನ್ಯಾಸಕಿ ಮುಂದಕ್ಕೆ ಬಾಗಿ ನೋಡುತ್ತಲೇ ಇದ್ದರು. ಕಡೆಗೆ ಗದ್ಗದಿತರಾಗಿ ಹೇಳಿದರು.

"ಸರ್, ಈ ಬ್ಯಾಚಲ್ಲಿ ಇಷ್ಟು ಧೈರ್ಯ ಯಾರೂ ಮಾಡಿಲ್ಲ. ವಸ್ತುನ ತೋರಿಸ್ದೇನೇ ಅದರ ಬಗ್ಗೆ ಮಾತಾಡಿದ್ರಿ. ಎದುರಿಗೆ ಬರೀ ಕೆಂಪು. ಫುಲ್ ಮಾರ್ಕ್ಸ್."

ಹಿಂದೆ ಕುಳಿತಿದ್ದ ಸುರೇಶ ಎದ್ದು ನಿಂತ. ಕೈಯನ್ನೂ ಜೋಡಿಸಿದ. "ತಪ್ಪಾ..." ಎಂಬಲ್ಲಿಯವರೆಗೆ ಬಂದಿದ್ದ.

ಆಗ ನಾನು ಸುಮ್ಮನಿರಬಹುದಿತ್ತು. ಆದರೆ ಕವಚದ ಬಣ್ಣ ಬೂದು. ಬೂದನ್ನು ಕೆಂಪೆಂದರೆ ಒಪ್ಪಿ ಸಹಿ ಹಾಕಿದ ಚರಿತ್ರೆ ನನಗಿಲ್ಲ. "ಕ್ಷಮಿಸಿ ಮೇಡಂ, ಕೆಂಪಲ್ಲ" ಎಂದು ಸ್ಥಳ ಪರಿಶೀಲನೆಗೆ ಇಳಿದೆ. ಲ್ಯಾಪ್‌ಟಾಪಿಗೆ ಹಣೆ ಎಂಬುದಿದ್ದರೆ ಅದು ಎಲ್ಲಿರಬೇಕೋ ಅಲ್ಲಿ, ಅಂದರೆ ಸರಿಯಾಗಿ ಕ್ಯಾಮೆರಾದ ಮೇಲೆ, ಒದ್ದೆ ಕುಂಕುಮದ ದುಂಡನೆಯ ಬೊಟ್ಟು! ಕರವಸ್ತ್ರದಿಂದ ಒರೆಸಿ, ನನ್ನ ಕೃತಿಯನ್ನು ಹೆಮ್ಮೆಯಿಂದ ತೋರಿಸಿದೆ.

"ಓ, ಪಂಪಾ?" ಎಂದರು ಉಪನ್ಯಾಸಕಿ. ಬಳಿಕ ತುಂಬ ನೋವಿನಿಂದ, "ಅದನ್ನ ಯಾಕ್ ಒರೆಸಿದ್ರಿ ಸರ್? ಯಾರು ಇಟ್ಟಿದ್ದು?" ಎಂದರು.

ವಿಶಾಲಾಕ್ಷಿ ಸೆರಗು ಸರಿಪಡಿಸಿಕೊಂಡು ಬಂದಳು. ಉಂಗುರದ ಬೆರಳಿನಿಂದ ಕ್ಯಾಮೆರಾಕ್ಕೆ ಮತ್ತೆ ಬೊಟ್ಟಿಟ್ಟು, "ಈಗ ಸರಿ ಇದ್ಯಾ ಮೇಡಂ?" ಎಂದು ಕೇಳಿದಳು. ಪರದೆಯಲ್ಲಿದ್ದ ಸಹಪಾಠಿಗಳೆಲ್ಲ ಚಪ್ಪಾಳೆ ತಟ್ಟಿದರು. ಸುರೇಶ ಜೋಡಿಸಿದ ಕೈ ಬಿಡಿಸಿ ನನ್ನ ಭುಜ ಮುಟ್ಟಿದ.

"ಭಾವ, ಸ್ವಲ್ಪ ಪಕ್ಕಕ್ಕೆ ಬನ್ನಿ. ಅಕ್ಕನ್ನ ಮಾತಾಡಿಸ್ತಿದಾರೆ."

ನಾನು ಉತ್ತೀರ್ಣನಾಗಿದ್ದೇನೆ. ಫಲಿತಾಂಶದ ಕೆಳಗೆ ಉಪನ್ಯಾಸಕಿಯ ಷರಾ ಇದೆ: "ದೃಶ್ಯ ಅತ್ಯುತ್ತಮ. ಮಾತು ಅನಗತ್ಯ." ಮೊದಲನೆಯದು ವಿಶಾಲಾಕ್ಷಿಗೆ ಸಲ್ಲತಕ್ಕದ್ದು. ಎರಡನೆಯದನ್ನು ಅವಳು ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ.