ಕಾಕಾ ಐಡಿಇ ಆರಿಸಿದ್ದು

ಹೆಣ್ಣು ನೋಡಲು ಒಂದೇ ಮಧ್ಯಾಹ್ನ ಸಾಕಾಗಿದ್ದ ನಮ್ಮ ಕಾಕಾ, ಕೋಡ್ ಬರೆಯುವ ತಂತ್ರಾಂಶ ಆರಿಸಲು ನಾಲ್ಕು ತಿಂಗಳು ತೆಗೆದುಕೊಂಡರು! ಅದಕ್ಕೆ ಐಡಿಇ ಎನ್ನುತ್ತಾರೆ. ಬರೆಯುವುದು, ತಪ್ಪು ಹುಡುಕುವುದು, ಓಡಿಸಿ ನೋಡುವುದು ಎಲ್ಲ ಅದರೊಳಗೇ. ಪುಣೆಯ ಕಂಪನಿಯೊಂದರಲ್ಲಿ ಅದರಿಂದಲೇ ಹೊಟ್ಟೆ ಹೊರೆಯುವ ನಾನು ಇವತ್ತಿನವರೆಗೂ ಒಂದನ್ನೂ ಆರಿಸಿದ್ದಿಲ್ಲ. ಕೊಟ್ಟದ್ದನ್ನು ತೆರೆದೆ, ಅಷ್ಟೆ.

ಪುಣೆ ಹತ್ತಿರದ ದೌಂಡದ ರೈಲ್ವೆ ಕ್ಯಾಬಿನ್ನಿನಲ್ಲಿ ಸಿಗ್ನಲ್ ಕೊಟ್ಟು ನಿವೃತ್ತರಾದವರಿಗೆ ಇದೆಲ್ಲ ಯಾಕೆ ಬೇಕಿತ್ತು? ಅವರ ಹೆಂಡತಿ, ನಮ್ಮ ಕಾಕೂಗಾಗಿ. ಲಕ್ವಾ ಹೊಡೆದು ಕಾಕೂ ಅವರ ಮಾತು ನಿಂತಿತ್ತು. ಚಿತ್ರ ಒತ್ತಿದರೆ ನಮ್ಮ ಧಾರವಾಡದ ಕನ್ನಡದಲ್ಲಿ ಮಾತಾಡುವ ಆ್ಯಪ್ ಒಂದನ್ನು ಆಂಡ್ರಾಯ್ಡ್ ಫೋನಿಗೆ ಕೋಡ್ ಕಲಿತು ತಾವೇ ಮಾಡಬೇಕೆಂದು ಕಾಕಾ ಹಟ ಹಿಡಿದಿದ್ದರು.

ಮೊದಲನೆಯ ಐಡಿಇ ತೆರೆದುಕೊಳ್ಳುವಷ್ಟರಲ್ಲಿ ಅವರು ಚಹಾ ಕುಡಿದು ಕಪ್ಪು ತೊಳೆದಿಟ್ಟು ಬಂದರು. "ದೌಂಡದಾಗ ಇಂಜಿನ್ ಬಿಚ್ಚಿ ಹಿಂದ ಹಚ್ಚಲಿಕ್ಕೂ ಇಷ್ಟೊತ್ತು ಹಿಡೀತಿದ್ದಿಲ್ಲವ್ವಾ!" ಎಂದು ಅದನ್ನು ತೆಗೆದುಹಾಕಿದರು.

ಎರಡನೆಯದು ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದು ಸುಮ್ಮನಾಗುತ್ತಿತ್ತು.

"ಕೆಂಪು ತೋರಿಸಿದ ಮ್ಯಾಲೆ ಯಾಕ ಅಂತ ಹೇಳಬೇಕೋ ಬ್ಯಾಡೋ?"

"ನೀವು ಡ್ರೈವರಿಗೆ ಹೇಳ್ತಿದ್ರೇನ್ರಿ ಕಾಕಾ?"

ಮೂರು ದಿನ ನನ್ನೊಂದಿಗೆ ಮಾತು ಬಿಟ್ಟರು!

ಮೂರನೆಯದು ಚುರುಕಾಗಿತ್ತು, ತಪ್ಪಿಗೆ ಕಾರಣವನ್ನೂ ಹೇಳುತ್ತಿತ್ತು. ಆದರೆ ಎರಡಕ್ಷರ ಒತ್ತುವಷ್ಟರಲ್ಲಿ ಉಳಿದದ್ದನ್ನು ತಾನೇ ತುಂಬಿಬಿಡುತ್ತಿತ್ತು.

"ಛೆ! ನಲವತ್ತು ವರ್ಷ ನಿಮ್ಮ ಕಾಕೂ ಮಾಡಿದ್ದೂ ಇದನ್ನ. ನಾ ಅರ್ಧ ಅನ್ನೂದ್ರಾಗ ಆಕಿ ಮುಗಸ್ತಿದ್ಲು!"

"ಅದನ್ನ ಬಂದ್ ಮಾಡಬಹುದ್ರಿ" ಎಂದೆ. "ಇದೂ ಬ್ಯಾಡ" ಎಂದು ಕಾಕಾ ಲ್ಯಾಪ್‌ಟಾಪ್ ಮುಚ್ಚಿದರು.

ಮುಂದಿನ ತಿಂಗಳು ಅವರ ಮನೆಗೆ ಹೋದರೆ ಆ ಮೂರನೆಯದರಲ್ಲೇ ಬರೆಯುತ್ತಿದ್ದಾರೆ, ತುಂಬುವ ಚಟವನ್ನು ಬಂದ್ ಮಾಡದೆಯೇ!

"ಬ್ಯಾಡ ಅಂದಿದ್ರಲ್ರಿ?"

"ಇರಲಿ ಬಿಡು. ಮನಿ ಭಾಳ ಸುಮ್ಮನಾಗೇದ."

ಕೊನೆಗೂ ಆ್ಯಪ್ ಸಿದ್ಧವಾಯಿತು. ನೀರು, ಚಹಾ, ಫ್ಯಾನು, ಎಲ್ಲಕ್ಕೂ ದನಿ ನನ್ನದೇ. ಕಡೆಗೆ ಕಾಕಾ ನನ್ನಿಂದ ಇನ್ನೊಂದು ಸಾಲನ್ನೂ ಓದಿಸಿಕೊಂಡಿದ್ದರು. ಯಾಕೆಂದು ಕೇಳಿದರೆ ಹೇಳಿರಲಿಲ್ಲ.

ಮೊನ್ನೆ ಅವರ ಮನೆಯಲ್ಲಿ ನಾನೇ ಬಡಿಸಿ ಊಟಕ್ಕೆ ಕರೆದೆ. "ಬಂದೆ, ಇನ್ನೈದು..." ಎಂದರು ಕಾಕಾ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. ಕಾಕೂ ಎಡಗೈಯಿಂದ ನಿಧಾನವಾಗಿ ಫೋನು ಒತ್ತಿದರು.

"ನಿಮಿಷ ಅಂತೀರಿ, ತಾಸು ಮಾಡ್ತೀರಿ!" ಎಂದಿತು ಫೋನು, ನನ್ನದೇ ದನಿಯಲ್ಲಿ. ಅದೇ ಆ ಕಡೆಯ ಸಾಲು.

ಕಾಕೂ ಅರ್ಧ ಬಾಯಲ್ಲಿ ನಕ್ಕರು. ಕಾಕಾ ಕನ್ನಡಕ ಒರೆಸಿಕೊಳ್ಳುತ್ತಾ ಎದ್ದು ಬಂದರು.

"ಕೇಳಿದಿ? ಮತ್ತ ಆಕಿನೇ ಮುಗಿಸಿದ್ಲು."