ಒಂಬತ್ತನೆಯ ಚಿಪ್ಪಿನ ವಿಷಯವಾಗಿ ಹುಬ್ಬಳ್ಳಿಯ ಬಸವಣ್ಣೆಪ್ಪನವರಿಗೆ

ನವಲಗುಂದ
೧೯ ನವೆಂಬರ್ ೧೯೮೮

ಶ್ರೀ ಬಸವಣ್ಣೆಪ್ಪನವರು,
ಮಾಲೀಕರು, ಅಮೃತಧಾರಾ ಕಂಪ್ಯೂಟರ್ ಬಿಡಿಭಾಗಗಳ ಏಜೆನ್ಸಿ,
ಹುಬ್ಬಳ್ಳಿ

ಮಾನ್ಯರೇ,

ನವಲಗುಂದದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ತುಳಸಾಬಾಯಿ ಗುಡಗೇರಿ ಮಾಡುವ ಅನೇಕಾನೇಕ ನಮಸ್ಕಾರಗಳು. ತಾವೂ, ತಮ್ಮ ಅಂಗಡಿಯೂ, ಬಂದ ಗಿರಾಕಿಗಳನ್ನೆಲ್ಲ 'ಸೋಮವಾರ ಬರ್ರಿ' ಎಂದು ಆದರದಿಂದ ಹಿಂದಕ್ಕೆ ಕಳಿಸುವ ತಮ್ಮ ಪದ್ಧತಿಯೂ ಕ್ಷೇಮವೆಂದು ನಂಬಿ, ನನಗಾದ ಉಪಕಾರವನ್ನು ನಾಲ್ಕು ಜನ ತಿಳಿಯಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ರೇಡಿಯೋ ಬಿಚ್ಚಿ ಕೂಡಿಸುವ ಹವ್ಯಾಸ ನನಗೆ ಮೊದಲಿನಿಂದಲೂ ಉಂಟು. ಕಳೆದ ವರ್ಷ ಅದೇ ಹವ್ಯಾಸ ಬೆಳೆದು, ಕಂಪ್ಯೂಟರನ್ನೂ ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಕೂಡಿಸುವ ಹಂಬಲವಾಗಿ ತಮ್ಮ ಪರಿಚಯದ ಭಾಗ್ಯ ದೊರೆಯಿತು. ತಾವು ಮೊದಲು ಕಳಿಸಿದ ಕಬ್ಬಿಣದ ಪೆಟ್ಟಿಗೆಯ ಜೊತೆ ಬಂದ ಸ್ಕ್ರೂಗಳು ಬೇರೆ ಯಾವುದೋ ಪೆಟ್ಟಿಗೆಯವಾಗಿದ್ದವು. ಅದರಿಂದ ನನಗೆ ತೂತು ಕೊರೆಯುವ ವಿದ್ಯೆ ಲಭಿಸಿತು. ಕೀಲಿಮಣೆಯ ವೈರು ಗೇಣುದ್ದವಿತ್ತು. ಅದರಿಂದ ಯಂತ್ರದ ಹತ್ತಿರವೇ ಕೂರುವ ಶಿಸ್ತು ಬಂತು. ಪರದೆಯನ್ನು ತಾವು ಬಸ್ಸಿನ ಮೇಲೆ ಒಣಮೆಣಸಿನಕಾಯಿ ಚೀಲಗಳ ನಡುವೆ ಮೆತ್ತಗೆ ಇಡಿಸಿ ಕಳಿಸಿದ್ದಿರಿ. ಅದನ್ನು ಮೊದಲ ಬಾರಿ ಹಚ್ಚಿದ ದಿನ, ಒಳಗಿನ ಬಿಸಿಗೆ ಆ ಘಾಟು ಎದ್ದು, ನೋಡಲು ಬಂದ ಓಣಿಯವರೆಲ್ಲ ಸೀನುತ್ತ ಹೊರಗೆ ಓಡಿದರು. ಹಸಿರು ಅಕ್ಷರಗಳು ಮೂಡಿದ್ದನ್ನು ಕಣ್ಣೀರಿನೊಳಗಿಂದ ಕಂಡವಳು ನಾನೊಬ್ಬಳೇ. ಇವು ಯಾವುವೂ ದೂರುಗಳಲ್ಲ. ದೂರು ಮುಂದಿದೆ.

ನಮ್ಮ ಓಣಿಯಲ್ಲಿ ಅಮೀರಬಿ ಎಂಬ ಹಿರಿಯ ಹೆಣ್ಣುಮಗಳಿದ್ದಾರೆ. ಜಮಖಾನ ನೇಯುವುದರಲ್ಲಿ ಅವರ ಕೈಗೆ ಸಾಟಿಯಿಲ್ಲ. ಅವರ ತಾಯಿಯಿಂದ ಬಂದ ಜೋಡಿ ನವಿಲಿನ ಒಂದು ವಿನ್ಯಾಸವನ್ನು ಅವರು ಎಂದೂ ಕಾಗದದ ಮೇಲೆ ಬರೆದಿಟ್ಟವರಲ್ಲ. ಅದು ಇದ್ದ ಒಂದೇ ಒಂದು ಹಳೆಯ ಜಮಖಾನದ ಅರ್ಧವನ್ನು ಇಲಿಗಳು ತಿಂದಿವೆ. ಈ ವರ್ಷ ಅಮೀರಬಿಯವರ ಎರಡೂ ಕಣ್ಣುಗಳಿಗೆ ಪೊರೆ ಬಂದು, ದೀಪಾವಳಿಗೆ ಮುಂಚೆ ಅವರನ್ನು ಶಸ್ತ್ರಚಿಕಿತ್ಸೆಗೆಂದು ಮಗಳು ಮಿರಜಿನ ತನ್ನ ಮನೆಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು; ಮರಳುವುದು ಯಾವಾಗ ಎಂಬುದು ಮಾತ್ರ ನಿಶ್ಚಯವಾಗಲಿಲ್ಲ. ಸೊಸೆ ಜಮೀಲಾಬಿಗೆ ಉಳಿದೆಲ್ಲ ವಿನ್ಯಾಸಗಳು ಬರುತ್ತಿದ್ದವು, ಇದೊಂದು ಬರುತ್ತಿರಲಿಲ್ಲ. ಅವಳು ಒಂದು ದಿನ ನನ್ನ ಯಂತ್ರದ ಪರದೆಯ ಮೇಲಿನ ಚೌಕಗಳ ಹಾಳೆಯನ್ನು ನೋಡಿ, "ಅಕ್ಕೋರ, ಇದು ನಮ್ಮ ಮಗ್ಗದಂಗ ಐತೆಲ್ರಿ. ಒಂದ ಮನಿಗೆ ಒಂದ ಎಳಿ. ನಮ್ಮತ್ತಿ ಹೇಳತಾರ, ನೀವು ಬಡೀರಿ," ಎಂದಳು.

ಹೀಗೆ ದಸರೆಯ ರಜೆಯಲ್ಲಿ ಕೆಲಸ ಮೊದಲಾಯಿತು. ಅಮೀರಬಿ ನಮ್ಮ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕುಳಿತು, ಗಾಳಿಯಲ್ಲಿ ಬೆರಳಾಡಿಸುತ್ತ, "ಮೂರ ಕೆಂಪ, ಒಂದ ಕರಿ, ಐದ ಹಳದಿ, ಮತ್ತೊಂದ ಕರಿ," ಎಂದು ಹೇಳುವರು; ನಾನು ಕೆಂಪಿಗೆ ಒಂದು, ಕಪ್ಪಿಗೆ ಎರಡು, ಹಳದಿಗೆ ಮೂರು, ಬಿಳಿಗೆ ನಾಲ್ಕು ಎಂದು ಚೌಕಗಳಲ್ಲಿ ಅಂಕಿ ತುಂಬುವೆನು. ಕೆಳಗಿನ ಅಂಚು ಮುಗಿದು, ನವಿಲುಗಳ ಕಾಲು, ಹೊಟ್ಟೆ ಮುಗಿದು, ಕೊರಳು ಏರುವಷ್ಟರಲ್ಲಿ ಯಂತ್ರವು ಮೆಮರಿ ತುಂಬಿತೆಂದು ಸಾರಿ ಸುಮ್ಮನಾಯಿತು. ಅಮೀರಬಿ, "ಪೆಟಿಗಿಗೆ ಇಷ್ಟಕ್ಕ ಹೊಟ್ಟಿ ತುಂಬಿತೇನ್ರಿ? ನನ್ನ ಕಡೆ ಇನ್ನೂ ಅರ್ಧಾ ಉಳದೈತಿ," ಎಂದರು. ವಿನ್ಯಾಸವನ್ನು ಎರಡು ತುಂಡಾಗಿ ಎರಡು ಫ್ಲಾಪಿಗಳಲ್ಲಿ ಇಡೋಣವೇ ಎಂದು ನಾನು ಕೇಳಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. "ಒಂದರಾಗ ಕಾಲು, ಒಂದರಾಗ ತಲಿ? ನವಿಲು ಕಡಿಯಾಕ ನಾ ಬಂದಿಲ್ಲವಾ," ಎಂದರು. ನಾನು ಯಂತ್ರದ ಕೈಪಿಡಿ ತೆರೆದು ಕುಳಿತೆ.

ನನ್ನ ಯಂತ್ರದೊಳಗಿನ ಸರ್ಕ್ಯೂಟ್ ಹಲಗೆಯ ಮೇಲೆ ಮೆಮರಿ ಹೆಚ್ಚಿಸಲೆಂದೇ ಒಂಬತ್ತು ಚಿಪ್‌ಗಳು ಕೂರುವ ಒಂದು ಸಾಲು ಖಾಲಿ ಇತ್ತು. ಒಂಬತ್ತು ಬೇಕೆಂದು ಅಕ್ಷರದಲ್ಲೂ ಅಂಕಿಯಲ್ಲೂ ಬರೆದು ತಮಗೆ ಪತ್ರ ಹಾಕಿದೆ. ತಾವು ಎಂಟನ್ನು ಕಳಿಸಿದಿರಿ. ಟ್ರಂಕ್ ಕಾಲ್ ಮಾಡಿ ವಿಚಾರಿಸಿದರೆ ತಾವು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಎಂಟ ಸಾಕ್ರಿ ಬಾಯಾರ. ಎಂಟು ಬಿಟ್ ಕೂಡಿದ್ರ ಒಂದ ಬೈಟ್ ಅಂತ ಪುಸ್ತಕದಾಗನ ಐತಿ. ಒಂಬತ್ತನೇದು ಸುಮ್ನ ಹೆಸರಿಗೆ ಇರತೈತ್ರಿ."

ಮಾನ್ಯರೇ, ಮೊದಲ ಎಂಟು ಚಿಪ್‌ಗಳು ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತವೆ. ಒಂಬತ್ತನೆಯದು ಆ ಎಂಟೂ ನೆನಪು ತಪ್ಪಿಲ್ಲವೆಂದು ಪ್ರತಿ ಸಲವೂ ತಾಳೆ ನೋಡುತ್ತದೆ. ಅದಿಲ್ಲದೆ ನಮ್ಮ ಯಂತ್ರ ಒಂದು ಹೆಜ್ಜೆ ಮುಂದಿಡುವುದಿಲ್ಲ. ಇದನ್ನು ನಾನು ಕೈಪಿಡಿಯಲ್ಲಿ ಓದಿದ್ದೆ. ಎಂಟನ್ನೇ ಕೂಡಿಸಿ ಹಚ್ಚಿದಾಗ ಯಂತ್ರವೂ ಹಾಗೆಯೇ ನಡೆದುಕೊಂಡಿತು. ಇಷ್ಟು ಸಣ್ಣ ಸಂಗತಿಗಾಗಿ ತಮ್ಮ ಅಮೂಲ್ಯ ವೇಳೆಯನ್ನು ಫೋನಿನಲ್ಲಿ ಕಳೆಯಬಾರದೆಂದು, ಹಲಗೆಯನ್ನೇ ಬಿಚ್ಚಿ ಟವೆಲಿನಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮುಂಜಾನೆಯ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದೆ. ಅತ್ತೆ ಮಿರಜಿಗೆ ಹೊರಡಲು ಆರೇ ದಿನ ಉಳಿದಿದ್ದುದರಿಂದ ಜಮೀಲಾಬಿಯೂ ಮನೆಯಲ್ಲಿ ಕೂರಲಾರದೆ ಜೊತೆಗೆ ಬಂದಳು.

ಅಂದು ತಮ್ಮ ಅಂಗಡಿಯಲ್ಲಿ ಐದಾರು ಜನ ಗಿರಾಕಿಗಳು ನಿಂತು, ಗಲ್ಲಾದ ಪಕ್ಕದ ಪ್ರದರ್ಶನ ಯಂತ್ರದಲ್ಲಿ ಮೋಟಾರು ಓಡುವ ಆಟವನ್ನು ನೋಡುತ್ತಿದ್ದರು. ತಾವು ನಮ್ಮನ್ನು ಕಂಡೊಡನೆ ಎದ್ದು ನಿಂತು, "ಸೋಮವಾರ ಬರ್ರಿ ಬಾಯಾರ, ಮಾಲು ಮುಂಬಯಿಂದ ಬರೂದೈತಿ," ಎಂದಿರಿ. ನಾನು ಪ್ರದರ್ಶನ ಯಂತ್ರದೊಳಗಿನ ಒಂದು ಚಿಪ್ ಕೊಡಿರೆಂದೆ. ಅದು ಶೋಗೆ ಇಟ್ಟದ್ದು, ಮುಟ್ಟುವಂತಿಲ್ಲ ಎಂದಿರಿ. ಒಂಬತ್ತನೆಯದು ಸುಮ್ಮನೆ ಹೆಸರಿಗೆ ಎಂದು ಮತ್ತೊಮ್ಮೆ, ಈ ಸಲ ಗಿರಾಕಿಗಳ ಕಡೆಗೆ ತಿರುಗಿ ಹೇಳಿದಿರಿ.

ನಾನು ಹಲಗೆಯನ್ನು ಎದೆಗೊತ್ತಿಕೊಂಡು ನಿಂತಿದ್ದೆ. ಆಗ ಜಮೀಲಾಬಿ ಸೆರಗು ಸರಿಮಾಡಿಕೊಂಡು, ಅಗದಿ ವಿನಯದಿಂದ, "ಹಂಗಾದ್ರ ಸಾವ್ಕಾರ್ರ, ಹೆಸರಿಗೆ ಇದ್ದದ್ದು ನಿಮ್ಮದರಾಗಿಂದ ಒಂದ ತಗದ ತೋರಸ್ರಿ. ನಿಮ್ಮ ಪೆಟಿಗಿ ಓಡಿದ್ರ ನಾವು ಎಂಟ ತಗೊಂಡ ಸುಮ್ನ ಹೋಗತೀವಿ," ಎಂದಳು.

ಗಿರಾಕಿಗಳೆಲ್ಲ ತಮ್ಮನ್ನೇ ನೋಡಿದರು. ಅಲ್ಲಿ ತಾವು ತೋರಿದ ಧೈರ್ಯವನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ತಾವು ಯಂತ್ರವನ್ನು ಆರಿಸಿ, ಮುಚ್ಚಳ ತೆಗೆದು, ಸಾಲಿನ ಕೊನೆಯ ಚಿಪ್ಪನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ ಎಬ್ಬಿಸಿ ಜಮೀಲಾಬಿಯ ಅಂಗೈಯಲ್ಲಿ ಇಟ್ಟು, ಯಂತ್ರವನ್ನು ಮತ್ತೆ ಹಚ್ಚಿದಿರಿ. ಅದು ಒಮ್ಮೆ ಕುಂಯ್ ಎಂದು, ಪರದೆಯ ಮೇಲೆ ಪ್ಯಾರಿಟಿ, ಅಂದರೆ ತಾಳೆ, ತಪ್ಪೆಂದು ಇಂಗ್ಲಿಷಿನಲ್ಲಿ ಬರೆದು, ಕಲ್ಲಿನಂತೆ ಕುಳಿತುಬಿಟ್ಟಿತು. ತಾವು ಬಟನ್ನುಗಳನ್ನು ಒತ್ತಿದಿರಿ, ಪೆಟ್ಟಿಗೆಯ ಬೆನ್ನಿಗೆ ಎರಡು ಸಲ ಬಡಿದಿರಿ. ಹಿಂದೆ ನಿಂತಿದ್ದ ಗಿರಾಕಿಯೊಬ್ಬರು, "ಹೆಸರು ಹೋದದ್ದಕ್ಕ ಮಾತ ನಿಂತಾವ ನೋಡ್ರಿ," ಎಂದಾಗ ಎಲ್ಲರೂ ನಕ್ಕರು. ಕಡೆಗೆ ತಮಗೂ ನಗು ತಡೆಯಲಿಲ್ಲ. "ಒಯ್ಯವಾ ತಂಗಿ, ಒಯ್ಯಿ," ಎಂದು ಜಮೀಲಾಬಿಗೆ ಕೈಮುಗಿದಿರಿ. ಆ ಚಿಪ್ಪನ್ನು ಅವಳು ನವಲಗುಂದದವರೆಗೂ ಮುಷ್ಟಿ ಬಿಚ್ಚದೆ ತಂದಳು.

ಅಮೀರಬಿ ಹೊರಡಲು ಒಂದು ದಿನವಿದೆ ಎನ್ನುವಾಗ ನವಿಲುಗಳಿಗೆ ಕೊರಳು, ತಲೆ, ಜುಟ್ಟು ಎಲ್ಲ ಬಂದವು. ಮುದ್ರಿಸಿದ ಉದ್ದನೆಯ ಕಾಗದವನ್ನು ಜಮೀಲಾಬಿ ಸಾಲುಸಾಲಾಗಿ ಓದಿದಳು, ಅಮೀರಬಿ ಮೊಳಕಾಲ ಮೇಲೆ ಬೆರಳು ಬಡಿಯುತ್ತ ಕೇಳಿದರು. ನೂರಾ ನಲವತ್ತಮೂರನೆಯ ಸಾಲಿಗೆ ಬೆರಳು ನಿಂತಿತು. "ಅಲ್ಲೆ ಬಿಳಿ ಎರಡಲ್ಲ, ಒಂದ," ಎಂದರು. ಯಂತ್ರ ತಪ್ಪುವುದಿಲ್ಲವೆಂದು ನಾನು ವಾದಿಸಿ ನೋಡಿದರೆ, ಯಂತ್ರ ತಪ್ಪಿರಲಿಲ್ಲ. ನಾನೇ ಒಂದು ನಾಲ್ಕನ್ನು ಎರಡು ಸಲ ಒತ್ತಿದ್ದೆ. ಅದನ್ನು ತಿದ್ದಿ, ಉಳಿದದ್ದನ್ನೂ ಓದಿ ಮುಗಿಸಿದ ಮೇಲೆ ಅವರು ಕಾಗದದ ಮೇಲೆ ಕೈಯಾಡಿಸಿ, "ಇನ್ನ ಕಣ್ಣ ಬಂದ್ರೂ ಛಲೋ, ಬರದಿದ್ರೂ ಛಲೋ," ಎಂದರು. ಜಮೀಲಾಬಿ ಅತ್ತಳು. ನಾನು ಕನ್ನಡಕ ಒರೆಸಿಕೊಂಡೆ. ಈ ಸಲ ಮೆಣಸಿನಕಾಯಿಯ ಕಾರಣವಿರಲಿಲ್ಲ.

ಅಮೀರಬಿಯವರ ಒಂದು ಕಣ್ಣಿನ ಪಟ್ಟಿ ಮೊನ್ನೆ ಬಿಚ್ಚಿದ್ದಾರಂತೆ, ಮಿರಜಿನ ಮನೆಯ ಜಮಖಾನದಲ್ಲಿ ಆಗಲೇ ಎರಡು ತಪ್ಪು ಹಿಡಿದಿದ್ದಾರಂತೆ. ಇಲ್ಲಿ ಜಮೀಲಾಬಿ ಮಗ್ಗ ಹೂಡಿ, ನವಿಲುಗಳ ಹೊಟ್ಟೆಯವರೆಗೆ ಬಂದಿದ್ದಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ತಾವು ದಯಮಾಡಿ ನಮ್ಮ ಶಾಲೆಗೆ ಬಂದು, ಎಂಟು ಮತ್ತು ಒಂಬತ್ತರ ನಡುವೆ ವ್ಯತ್ಯಾಸವಿಲ್ಲವೆಂಬ ತಮ್ಮ ಹೊಸ ಗಣಿತವನ್ನು ಪಾಠ ಮಾಡಬೇಕು, ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಹುಡುಗಿಯರಿಗೆ ಅದರಿಂದ ಮಹದುಪಕಾರವಾಗುತ್ತದೆ. ಅದು ಸಾಧ್ಯವಾಗದಿದ್ದರೆ ವಾರದ ಏಳು ದಿನಗಳಿಗೂ ಸೋಮವಾರ ಎಂದು ಹೆಸರಿಡುವಂತೆ ಸರ್ಕಾರಕ್ಕೆ ಅರ್ಜಿ ಹಾಕಬೇಕು. ಸಹಿ ಹಾಕಲು ನಾವು ಸಿದ್ಧರಿದ್ದೇವೆ.

ಇಷ್ಟಾದರೂ ಬೇರೆ ಅಂಗಡಿಗೆ ಹೋಗಲಾರದ,
ತಮ್ಮ ವಿಶ್ವಾಸಿ
ತುಳಸಾಬಾಯಿ ಗುಡಗೇರಿ

ತಾ.ಕ.: ಮುದ್ರಕದ ರಿಬ್ಬನ್ ಮುಗಿದಿದೆ. ಕೊಳ್ಳಲು ಮುಂದಿನ ಶನಿವಾರ ಬರುತ್ತೇನೆ, ಜಮೀಲಾಬಿಯೂ ಬರುತ್ತಾಳೆ. ತಮ್ಮ ಅಂಗಡಿಯಲ್ಲಿ ಗಿರಾಕಿಗಳು ಅತಿ ಹೆಚ್ಚಾಗಿರುವ ಹೊತ್ತು ಯಾವುದೆಂದು ಒಂದು ಕಾರ್ಡು ಬರೆದು ತಿಳಿಸಬೇಕಾಗಿ ವಿನಂತಿ.